ಎರಡು ಗೇಣು ನೀರು

ಇಂಜಿನಿಯರುಗಳ ಮೇಲೆ ಹಾಲಪ್ಪನದು ಒಂದೇ ದೂರು: ಅವರು ಕೇಳುವುದಿಲ್ಲ. ಹಳೇ ಸ್ಮಾರಕಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಮೂವತ್ತೈದು ವರ್ಷ ಗಾರೆ ಕಲಸಿದವನು ಈ ಮಾತನ್ನು ಎಷ್ಟು ಸಲ ಹೇಳಿದ್ದನೆಂದರೆ, ಅವನು ಬಾಯಿ ತೆರೆಯುವ ಮೊದಲೇ ಹೆಂಡತಿ ಗೌರಮ್ಮ ಅದನ್ನು ಮುಗಿಸಿಬಿಡುತ್ತಿದ್ದಳು. “ಸುಣ್ಣ ಕೈಯಾಗ ಹಿಡದವರನ್ನ ಕೇಳೂದಿಲ್ಲ, ಪುಸ್ತಕ ಕೇಳ್ತಾರ. ಗೊತ್ತೈತಿ ತಗೋರಿ” ಎಂದು ಹೇಳಿ ರೊಟ್ಟಿ ಬಡಿಯಲು ಒಳಗೆ ಹೋಗುತ್ತಿದ್ದಳು.

ದೂರು ಸುಳ್ಳೇನೂ ಆಗಿರಲಿಲ್ಲ. ಒಮ್ಮೆ ಒಂದು ಹಳೇ ಮಸೀದಿಯ ಮಾಳಿಗೆ ಸೋರಿದಾಗ ದೊಡ್ಡ ಸಾಹೇಬರೊಬ್ಬರು ಮೇಲೆ ಸಿಮೆಂಟು ಹಾಕಿಸಿದರು. ಸಿಮೆಂಟು ಬೇಡ, ಒಳಗಿನ ತೇವ ಹೊರಬರಲು ದಾರಿ ಬೇಕು ಎಂದು ಹಾಲಪ್ಪ ಕೈಮುಗಿದು ಹೇಳಿದ. ಸಾಹೇಬರು ನಕ್ಕು, ಇವನಿಗೆ ಒಂದು ಚಹಾ ಕೊಡ್ರಯ್ಯಾ ಎಂದರು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಕಲ್ಲು ಹಿಟ್ಟಿನಂತೆ ಉದುರತೊಡಗಿತು. ಸಾಹೇಬರಿಗೆ ಅಷ್ಟು ಹೊತ್ತಿಗೆ ಬೇರೆ ಊರಿಗೆ ವರ್ಗವಾಗಿತ್ತು. ಉದುರಿದ್ದನ್ನು ಗುಡಿಸಿದವನು ಹಾಲಪ್ಪನೇ.

ಅವನು ಬಿಜಾಪುರದ ಕಡೆಯವನು. ಅಪ್ಪ ಗೌಂಡಿ, ಅಜ್ಜ ಗೌಂಡಿ. ಗುಮ್ಮಟಗಳ ಮೇಲೆ ಗಾರೆ ಮೆತ್ತುವುದನ್ನು ಕಲಿಸಿದವರು ಲಾಡ್ಲೇಸಾಬ್ ಎಂಬ ಉಸ್ತಾದರು. ಕಲ್ಲು ಸುಟ್ಟರೆ ಸುಣ್ಣ, ನೀರು ಹಾಕಿದರೆ ಅರಳಿ ಬೆಣ್ಣೆ, ಗೋಡೆಗೆ ಹಚ್ಚಿದರೆ ಗಾಳಿ ಕುಡಿದು ಮತ್ತೆ ಕಲ್ಲು. ಈ ಮೂರು ಅವಸ್ಥೆಗಳಲ್ಲಿ ಸುಣ್ಣ ಯಾವಾಗ ಎಲ್ಲಿರುತ್ತದೆ ಎಂದು ಬೆರಳ ತುದಿಯಿಂದ ಹೇಳಬಲ್ಲವನೇ ಗೌಂಡಿ ಎಂದು ಉಸ್ತಾದರು ಹೇಳುತ್ತಿದ್ದರು. ಹಾಲಪ್ಪ ಹೇಳಬಲ್ಲವನಾದ. ಗಾರೆಗೆ ಬೆಲ್ಲದ ನೀರು ಎಷ್ಟು, ಅಳಲೆಕಾಯಿಯ ಕಷಾಯ ಎಷ್ಟು, ಇಟ್ಟಿಗೆಯ ಪುಡಿ ಎಷ್ಟು ಎಂಬುದಕ್ಕೆ ಅವನಿಗೆ ಅಳತೆಯ ಪಾತ್ರೆ ಬೇಕಿರಲಿಲ್ಲ. ಆ ಹೆಮ್ಮೆ ಅವನ ಮುಖದಲ್ಲೇ ಕಾಣುತ್ತಿತ್ತು, ಅದನ್ನು ಮುಚ್ಚಿಡುವ ಜಾಣತನವೂ ಅವನಿಗಿರಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಅಹಮದಾಬಾದಿಗೆ ವರ್ಗವಾಯಿತು. ಹಳೇ ಊರಿನ ಒಂದು ಪೋಳಿನಲ್ಲಿ, ಎಂದರೆ ಒಂದೇ ಹೆಬ್ಬಾಗಿಲಿನೊಳಗೆ ನೂರಾರು ಮರದ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತ ಓಣಿಯಲ್ಲಿ, ಚಂಪಾಬೆನ್ ಅವರ ಮನೆಯ ಕೆಳಗಿನ ಎರಡು ಕೋಣೆಗಳು ಬಾಡಿಗೆಗೆ ಸಿಕ್ಕವು. ಮಗಳು ಅಲ್ಲೇ ಬೆಳೆದು, ಗುಜರಾತಿಯಲ್ಲೇ ಜಗಳವಾಡಲು ಕಲಿತು, ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ಹಾಲಪ್ಪ ಎರಡು ಸಾವಿರದಲ್ಲಿ ನಿವೃತ್ತನಾದ. ಊರಿಗೆ ಹೋಗೋಣವೇ ಎಂದು ಗೌರಮ್ಮ ಕೇಳಿದ್ದಕ್ಕೆ, “ಅಲ್ಲಿ ಹೋಗಿ ಯಾರ ಮಾರಿ ನೋಡೂದು? ಇಲ್ಲಿ ನೀರರೆ ರುಚಿ ಐತಿ” ಎಂದಿದ್ದ.

ನೀರು ಎಂದರೆ ಟಾಂಕಾದ ನೀರು. ಆ ಮನೆಯ ಅಂಗಳದ ಹಾಸುಗಲ್ಲಿನ ಕೆಳಗೆ, ಒಂದು ಕೋಣೆಯಷ್ಟು ದೊಡ್ಡ ತೊಟ್ಟಿ ಇತ್ತು. ಇಟ್ಟಿಗೆಯ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಮಾಳಿಗೆಯ ಮೇಲೆ ಬಿದ್ದ ಮಘೆ ಮಳೆಯ ನೀರು ಕೊಳವೆಯಲ್ಲಿಳಿದು ಅದರೊಳಗೆ ಸೇರಬೇಕು. ಹಿತ್ತಾಳೆಯ ಮುಚ್ಚಳ ಹಾಕಿದರೆ ಬೆಳಕು ಸೇರದ ಆ ನೀರು ವರ್ಷವಿಡೀ ಕೆಡುತ್ತಿರಲಿಲ್ಲ. ಚಂಪಾಬೆನ್ನರ ಗಂಡನ ಮುತ್ತಜ್ಜ ಕಟ್ಟಿಸಿದ್ದು. ನೂರಿಪ್ಪತ್ತು ವರ್ಷ ಅದು ಒಂದು ದಿನವೂ ಪೂರ್ತಿ ಬರಿದಾಗಿರಲಿಲ್ಲ. ಚಂಪಾಬೆನ್ ದಿನಾ ಬೆಳಿಗ್ಗೆ ಮುಚ್ಚಳದ ಪಕ್ಕ ಒಂದು ತುಪ್ಪದ ದೀಪ ಹಚ್ಚುತ್ತಿದ್ದರು. ವಿಧವೆ, ಮಕ್ಕಳಿಲ್ಲ, ಮೇಲಿನ ಮನೆಯಲ್ಲಿ ಮೂರು ಜನ ಹೆಂಗಸರನ್ನು ಕೂರಿಸಿಕೊಂಡು ಹಪ್ಪಳದಂಥ ಗರಿಗರಿ ರೊಟ್ಟಿ ಖಾಖ್ರಾ ಲಟ್ಟಿಸಿ ಅಂಗಡಿಗಳಿಗೆ ಕೊಡುತ್ತಿದ್ದರು. ಆ ಹಿಟ್ಟನ್ನೂ ಟಾಂಕಾದ ನೀರಿನಲ್ಲೇ ಕಲಸಬೇಕು ಎಂಬುದು ಅವರ ಹಟ.

ಎರಡು ಸಾವಿರದ ಒಂದರ ಜನವರಿ ಇಪ್ಪತ್ತಾರರ ಬೆಳಿಗ್ಗೆ ಭೂಮಿ ನಡುಗಿತು. ಊರಾಚೆ ಹೊಸ ಫ್ಲ್ಯಾಟುಗಳು ಕುಸಿದು ಕುಳಿತವು. ಪೋಳಿನ ಮನೆ ಮಾತ್ರ ಕಿರ್ರೆಂದು ಪಕ್ಕಕ್ಕೆ ವಾಲಿ, ಮತ್ತೆ ಕಿರ್ರೆಂದು ತನ್ನ ಜಾಗಕ್ಕೆ ಬಂದು ನಿಂತಿತು. ಇಟ್ಟಿಗೆಗಳ ನಡುವೆ ಹುದುಗಿಸಿದ್ದ ತೇಗದ ತೊಲೆಗಳು ಬಾಗಿ ಎದ್ದವು, ಅಷ್ಟೇ. ಹಾಲಪ್ಪ ಆ ವಾರವಿಡೀ ಪೋಳಿನಲ್ಲಿ ಎದೆಯುಬ್ಬಿಸಿಕೊಂಡು ತಿರುಗಿದ, ಮನೆಯನ್ನು ತಾನೇ ಕಟ್ಟಿದವನ ಹಾಗೆ.

ಶಿವರಾತ್ರಿಯ ಹೊತ್ತಿಗೆ ಚಂಪಾಬೆನ್ ಒಂದು ಮಾತು ಹೇಳಿದರು. ನೀರೆತ್ತುವ ಹಗ್ಗ ಹೋದ ವರ್ಷಕ್ಕಿಂತ ಉದ್ದ ಬೇಕಾಗುತ್ತಿದೆ. ಹಾಲಪ್ಪ ಹಗ್ಗಕ್ಕೆ ಗಂಟು ಹಾಕಿ ಇಳಿಬಿಟ್ಟು ನೋಡಿದ. ವಾರಕ್ಕೆ ಒಂದು ಗೇಣು ಇಳಿಯುತ್ತಿತ್ತು. ಭೂಕಂಪ ಮನೆಯನ್ನು ಬಿಟ್ಟಿತ್ತು, ಟಾಂಕಾವನ್ನು ಬಿಟ್ಟಿರಲಿಲ್ಲ. ಎಲ್ಲೋ ಗೋಡೆ ಬಿರುಕು ಬಿಟ್ಟು ನೀರು ಬುನಾದಿಯ ಮಣ್ಣಿಗೆ ಹೋಗುತ್ತಿತ್ತು.

ಮನೆಗಳನ್ನು ಪರೀಕ್ಷೆ ಮಾಡಲು ಬಂದ ಇಂಜಿನಿಯರು ಮಳೆಗಾಲದೊಳಗೆ ಟಾಂಕಾ ಸರಿಯಾಗಬೇಕು ಎಂದು ಬರೆದುಕೊಟ್ಟ. ಇಲ್ಲದಿದ್ದರೆ ಬುನಾದಿ ನೆನೆದು ಕಂಬ ಕುಸಿಯುತ್ತದೆ, ಮನೆ ಖಾಲಿ ಮಾಡಿಸಿ ಕೆಡವಬೇಕಾಗುತ್ತದೆ. ಚಂಪಾಬೆನ್ನರ ಅಣ್ಣನ ಮಗ ಮಹೇಶ್ ಸ್ಯಾಟಲೈಟ್ ಎಂಬ ಹೊಸ ಬಡಾವಣೆಯ ಫ್ಲ್ಯಾಟಿನಿಂದ ಸ್ಕೂಟರಿನಲ್ಲಿ ಬಂದು ಸೋದರತ್ತೆಗೆ, “ಫೋಯಿ, ಆ ತೊಟ್ಟಿಯನ್ನು ಮಣ್ಣು ಹಾಕಿ ಮುಚ್ಚಿಬಿಡಿ, ನಲ್ಲಿ ಇದೆಯಲ್ಲ. ಅಥವಾ ನನ್ನ ಜೊತೆ ಬಂದುಬಿಡಿ” ಎಂದ. ಚಂಪಾಬೆನ್ ಹಾಲಪ್ಪನ ಕಡೆ ತಿರುಗಿದರು.

“ಹಾಲಪ್ಪಭಾಯ್, ನಿಮ್ಮಿಂದ ಆಗುತ್ತದೆಯೇ?”

“ಆಗುತ್ತದೆ ಬೆನ್” ಎಂದ ಹಾಲಪ್ಪ. ಇಪ್ಪತ್ತೈದು ವರ್ಷದ ತನ್ನ ಹರಕು ಗುಜರಾತಿಯಲ್ಲಿ ಅವನು ಅಷ್ಟು ಸ್ಪಷ್ಟವಾಗಿ ಎಂದೂ ಮಾತಾಡಿರಲಿಲ್ಲ.

ಏಪ್ರಿಲ್ ಮೊದಲ ವಾರ ಟಾಂಕಾವನ್ನು ಬರಿದು ಮಾಡಲು ಶುರು ಮಾಡಿದರು. ಗೌರಮ್ಮ ಸೇದಿದಳು, ಖಾಖ್ರಾದ ಹೆಂಗಸರು ಕೈ ಕೊಟ್ಟರು, ಪೋಳಿನವರೆಲ್ಲ ಕೊಡ ತಂದು ತುಂಬಿಕೊಂಡು ಹೋದರು. ನೀರು ತಳ ಕಾಣುವಷ್ಟಾದಾಗ ಚಂಪಾಬೆನ್ ಅಂಗಳಕ್ಕೆ ಇಳಿದು ಬಂದರು.

“ಇಷ್ಟು ಸಾಕು. ಎರಡು ಗೇಣು ನೀರು ಬಿಡಬೇಕು. ನನ್ನ ಅತ್ತೆ ತೊಳೆಸುವಾಗ ಪೂರ್ತಿ ತೆಗೆಯಲು ಬಿಡುತ್ತಿರಲಿಲ್ಲ. ಗೋಡೆಗೆಲ್ಲ ಒದ್ದೆ ಗೋಣಿತಟ್ಟು ಇಳಿಬಿಡಿಸುತ್ತಿದ್ದರು. ಟಾಂಕಾದ ಗಂಟಲು ಒಣಗಬಾರದು ಅನ್ನುತ್ತಿದ್ದರು.”

ಹಾಲಪ್ಪ ನಕ್ಕ. ಕೆಟ್ಟ ನಗೆಯಲ್ಲ, ಸಲಿಗೆಯ ನಗೆ. ದೀಪ ಹಚ್ಚುವ ಹೆಂಗಸು, ಜಲದೇವಿಗೆ ನಾಲ್ಕು ಹನಿ ಬಿಡಬೇಕು ಎನ್ನುತ್ತಿದ್ದಾಳೆ ಎಂದುಕೊಂಡ. “ಬೆನ್, ಬಿರುಕು ಇರುವುದು ತಳದ ಮೂಲೆಯಲ್ಲಿ. ನೀರಿನೊಳಗೆ ಗಾರೆ ಹಿಡಿಯುವುದಿಲ್ಲ. ಪೂಜೆ ನಿಮ್ಮದು, ಸುಣ್ಣ ನನ್ನದು” ಎಂದ.

ನಿಮಗೆ ತಿಳಿದ ಹಾಗೆ ಮಾಡಿ ಎಂದು ಚಂಪಾಬೆನ್ ಮೇಲೆ ಹೋದರು. ಆಕೆ ಇನ್ನೊಂದು ಸಲ ಹೇಳಿದ್ದರೆ ಕೇಳುತ್ತಿದ್ದನೇನೋ ಎಂದು ಹಾಲಪ್ಪ ಮುಂದೆ ತನಗೆ ತಾನೇ ಹೇಳಿಕೊಂಡದ್ದುಂಟು. ಆ ಮಾತನ್ನು ನಾನು ನಂಬುವುದಿಲ್ಲ. ಕೇಳದವನಿಗೆ ಒಂದು ಸಲವೂ ಒಂದೇ, ಹತ್ತು ಸಲವೂ ಒಂದೇ.

ಅದೇ ದಿನಗಳಲ್ಲಿ ಅಪೂರ್ವಾ ಬಂದಳು. ಮೈಸೂರಿನ ಹುಡುಗಿ, ಅಹಮದಾಬಾದಿನಲ್ಲಿ ಕಟ್ಟಡ ವಿನ್ಯಾಸದ ಓದು, ಸ್ಯಾಟಲೈಟ್‌ನಲ್ಲಿ ಇನ್ನಿಬ್ಬರ ಜೊತೆ ಬಾಡಿಗೆ ಫ್ಲ್ಯಾಟು. ಕೊನೆಯ ವರ್ಷದ ಪ್ರಬಂಧಕ್ಕೆ ಹಳೇ ಟಾಂಕಾಗಳನ್ನು ಹುಡುಕಿಕೊಂಡು ಪೋಳಿಗೆ ಬಂದವಳು, ತೊಟ್ಟಿಯೊಳಗಿಂದ ಕನ್ನಡದಲ್ಲಿ ಯಾರೋ ಹೆಂಡತಿಯನ್ನು ಬೈಯುವುದು ಕೇಳಿ ಅಲ್ಲೇ ಕೂತುಬಿಟ್ಟಳು. ತೊಟ್ಟಿಯ ಬಾಯಿಯ ಅಂಚಿನಲ್ಲಿ ಕುಳಿತು ಅವಳು ಕೇಳುವುದು, ತಳದಲ್ಲಿ ನಿಂತು ಇವನು ಹೇಳುವುದು. ಹಾಲಪ್ಪನ ಮೂವತ್ತೈದು ವರ್ಷದ ಕೆಲಸದಲ್ಲಿ, ಓದಿದವರೊಬ್ಬರು ಪೆನ್ನು ಹಿಡಿದು ಅವನ ಮಾತನ್ನು ಬರೆದುಕೊಂಡದ್ದು ಅದೇ ಮೊದಲು. ಅವನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

“ಖಾಲಿ ಮಾಡಿದ ಮೇಲೆ ಏನು ಮಾಡ್ತೀರಿ ಕಾಕಾ?”

“ಒಣಗಸ್ಬೇಕು ತಂಗಿ. ನಲ್ವತ್ತ ದಿನ. ಹಸಿ ಮೈಮ್ಯಾಲ ಹೊಸಾ ಗಾರಿ ಹಾಕಿದ್ರ ಗುಳ್ಳಿ ಏಳ್ತಾವ. ನಮ್ಮ ಉಸ್ತಾದ್ರು ಗುಮ್ಮಟಕ್ಕ ಹಿಂಗ ಮಾಡ್ತಿದ್ರು. ನಲ್ವತ್ತಂದ್ರ ನಲ್ವತ್ತು, ಒಂದ ದಿನ ಕಮ್ಮಿಲ್ಲ. ಬರ್ಕೋ.”

ಅವಳು ಬರೆದುಕೊಂಡಳು.

ಏಪ್ರಿಲ್ ಎರಡನೆಯ ವಾರದಿಂದಲೇ ಬಿಸಿಲಿಗೆ ಮುಚ್ಚಳ ತೆರೆದಿಟ್ಟರು. ಒಳಗೊಂದು ಟೇಬಲ್ ಫ್ಯಾನು ಇಳಿಬಿಟ್ಟರು. ನೂರಿಪ್ಪತ್ತು ವರ್ಷ ಕತ್ತಲಲ್ಲಿ ತೊಯ್ದು ಕೂತಿದ್ದ ಗಾರೆ ಮೊದಲ ವಾರ ಕಪ್ಪಗಿತ್ತು, ಎರಡನೇ ವಾರ ಬೂದಿ ಬಣ್ಣಕ್ಕೆ ಬಂತು, ಮೂರನೇ ವಾರ ಬೆಳ್ಳಗಾಯಿತು. ಹಾಲಪ್ಪ ಗೋಡೆಯ ಮೈಮೇಲೆ ಕೈಯಾಡಿಸಿ, ಒಣಗಾಕತ್ತೈತಿ ಎಂದು ಸಂತೋಷಪಟ್ಟ.

ಗೌರಮ್ಮನಿಗೆ ಸಂತೋಷವಾಗಲಿಲ್ಲ. ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೂತವಳು ಒಂದು ಮಧ್ಯಾಹ್ನ ಹೇಳಿದಳು. “ಏನ್ರಿ, ಒಳಗ ಸಪ್ಪಳ ಬರಾಕತ್ತೈತಿ. ಸಂಡಿಗಿ ಒಣಗುವಾಗ ಬರ್ತದಲ್ಲ, ಹಂಗ ಟಿಕ್ ಟಿಕ್ ಅಂತೈತಿ.”

“ಬಿಸಲಿಗೆ ಹಂಗಾ ಅಕ್ಕೈತಿ. ನೀ ಅಕ್ಕಿ ನೋಡು.”

ಅವಳು ಅಕ್ಕಿ ನೋಡಿದಳು.

ನಲವತ್ತು ದಿನ ಮುಗಿದ ಮೇಲೆ ಹಾಲಪ್ಪ ಕೆಲಸಕ್ಕಿಳಿದ. ಹಳೇ ಗಾರೆಯ ಮೈಮೇಲೆ ಕೂದಲೆಳೆಯಂಥ ಗೆರೆಗಳು ಎದ್ದಿದ್ದವು. ಅವನು ಅದನ್ನು ನೋಡಿದ. ವಯಸ್ಸಾದ ಗಾರೆಗೆ ಗೆರೆ ಬರುವುದು ಸಹಜ ಎಂದು ಮೇಲೆ ಹೊಸ ಗಾರೆ ಮೆತ್ತಿದ. ಅರೆದದ್ದು ಗೌರಮ್ಮ, ಮೆತ್ತಿದ್ದು ಅವನು. ಅರವತ್ತೊಂದನೆಯ ವಯಸ್ಸಿನಲ್ಲಿ ಏಣಿ ಹತ್ತಿ ಇಳಿದು ಬೆನ್ನು ಬಿದ್ದುಹೋಗಿದ್ದರೂ, ನುಣುಪುಗಲ್ಲು ಹಿಡಿದು ಗೋಡೆ ತಿಕ್ಕುವಾಗ ಅವನು ಸುಖವಾಗಿದ್ದ. ಕೊನೆಗೆ ಆ ಗೋಡೆಯಲ್ಲಿ ಟಾರ್ಚಿನ ಬೆಳಕು ಮಿರುಗಿತು. ಅಪೂರ್ವಾ ಏಣಿಯಿಳಿದು ಬಂದು ಫೋಟೋ ತೆಗೆದಳು. ಕರಣೆ ಹಿಡಿದು ನಿಂತ ಅವನದೂ ಒಂದು ತೆಗೆದಳು. ಜೂನ್ ಮೊದಲಲ್ಲಿ ಪ್ರಬಂಧ ಒಪ್ಪಿಸಿ, ದೆಹಲಿಯಲ್ಲಿ ಕೆಲಸ ಸಿಕ್ಕಿ ಹೊರಟುಹೋದಳು.

ಜುಲೈನಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಮಘೆಗೆ ಕಾಯುವುದು ಬೇಡ, ಹಿಡಿಯುತ್ತದೋ ಇಲ್ಲವೋ ನೋಡಿಯೇ ಬಿಡೋಣ ಎಂದು ಹಾಲಪ್ಪ ಮಾಳಿಗೆಯ ಕೊಳವೆಯನ್ನು ಟಾಂಕಾಕ್ಕೆ ತಿರುಗಿಸಿದ. ಐದನೆಯ ದಿನ ನೀರು ಕಂಠದವರೆಗೆ ಬಂದಿತ್ತು. ಚಂಪಾಬೆನ್ ಗೋಧಿನುಚ್ಚಿನ ಸಿಹಿ ಲಾಪ್ಸಿ ಮಾಡಿ ಪೋಳಿಗೆಲ್ಲ ಹಂಚಿದರು. ಆ ದಿನವೇ ಮೇಲಿನ ಮನೆಯ ಫೋನು ರಿಂಗಾಯಿತು. ದೆಹಲಿಯಿಂದ ಅಪೂರ್ವಾ.

“ಕಾಕಾ, ಏನಾಯ್ತು? ತುಂಬಿತಾ?”

“ತುಂಬೈತವ್ವಾ” ಎಂದ ಹಾಲಪ್ಪ. “ಕಂಠಮಟ ತುಂಬೈತಿ.”

ಅದು ನಿಜವೇ ಆಗಿತ್ತು. ಹೇಳಿದ ದಿನದ ಮಟ್ಟಿಗೆ ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮೂರು ದಿನ ಕಳೆದು ಹಗ್ಗ ಬಿಟ್ಟಾಗ ಒಂದು ಮೊಳ ಇಳಿದಿತ್ತು. ಆರನೆಯ ದಿನಕ್ಕೆ ಮೂರು ಮೊಳ. ಎಂಟನೆಯ ದಿನ ಕೊಡದಲ್ಲಿ ನೀರಿನ ಜೊತೆ ಅಂಗೈ ಅಗಲದ ಒಂದು ಚಕ್ಕೆ ಬಂತು. ಒಂದು ಮಗ್ಗುಲು ಅವನು ತಿಕ್ಕಿ ಹೊಳೆಯಿಸಿದ ಹೊಸ ಗಾರೆ. ಇನ್ನೊಂದು ಮಗ್ಗುಲು ಹಳೇ ಗಾರೆ, ಇಟ್ಟಿಗೆಯಿಂದ ಬಿಡಿಸಿಕೊಂಡು ಬಂದದ್ದು. ಹಾಲಪ್ಪ ಅದನ್ನು ಕೈಯಲ್ಲಿ ಹಿಡಿದು ಅಂಗಳದ ಕಟ್ಟೆಯ ಮೇಲೆ ಕೂತ. ಹೊಸದರಲ್ಲಿ ತಪ್ಪಿರಲಿಲ್ಲ. ಹಳೆಯದು ಒಣಗಿ, ಕುಗ್ಗಿ, ಇಟ್ಟಿಗೆಯನ್ನು ಕೈಬಿಟ್ಟಿತ್ತು. ಗುಮ್ಮಟದ ಗಾರೆ ಹುಟ್ಟಿದಾಗಿನಿಂದ ಬಿಸಿಲು ಕಂಡದ್ದು. ಇದು ಹುಟ್ಟಿದಾಗಿನಿಂದ ನೀರಲ್ಲಿದ್ದದ್ದು, ನೀರಿದ್ದರೆ ಮಾತ್ರ ಗಟ್ಟಿ. ಬಿರುಕು ಇದ್ದದ್ದು ಒಂದು ಮೂಲೆಯಲ್ಲಿ, ಒಂದೂವರೆ ಮೊಳದಷ್ಟು. ಗೋಡೆಗೆಲ್ಲ ಒದ್ದೆ ಗೋಣಿ ಇಳಿಬಿಟ್ಟು, ಆ ಮೂಲೆಗೆ ಮಣ್ಣಿನ ಕಟ್ಟೆ ಹಾಕಿ, ಅಲ್ಲಿಯಷ್ಟೇ ನೀರು ತೆಗೆದು ಎರಡು ದಿನದಲ್ಲಿ ಮುಗಿಸಬಹುದಿತ್ತು. ಅದನ್ನೇ ಆ ಹೆಂಗಸು ಹೇಳಿದ್ದಳು. ಅವಳ ಅತ್ತೆ ಹೇಳಿದ್ದು ಪೂಜೆಯ ಮಾತಾಗಿರಲಿಲ್ಲ, ಸುಣ್ಣದ ಮಾತಾಗಿತ್ತು. ಹೆಂಗಸರ ಬಾಯಲ್ಲಿ ಬಂದದ್ದರಿಂದ ಅವನಿಗೆ ಪೂಜೆಯಾಗಿ ಕೇಳಿಸಿತ್ತು. ಹಾಲಪ್ಪನಿಗೆ ನಾಚಿಕೆಯಾಯಿತು. ಅಂಥ ನಾಚಿಕೆ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ.

ಮಿಕ್ಕದ್ದನ್ನು ನೀರು ಮಾಡಿತು. ಮೊದಲು ಒಂದು ಮೂಲೆಯಿಂದ ವಾರಕ್ಕೆ ಗೇಣು ನೀರು ಹೋಗುತ್ತಿದ್ದದ್ದು, ಈಗ ನಾಲ್ಕು ಗೋಡೆಗಳಿಂದಲೂ ಹೋಯಿತು. ಶ್ರಾವಣದಲ್ಲಿ ಕೆಳಗಿನ ಕೋಣೆಗಳ ಗೋಡೆಗೆ ಸೊಂಟದೆತ್ತರ ತೇವ ಏರಿತು. ಗೌರಿ ಹಬ್ಬದ ಹೊತ್ತಿಗೆ ಅಂಗಳದ ಮೂಲೆಯ ಕಂಬ ನಾಲ್ಕು ಬೆರಳು ಕುಸಿದು, ಮೇಲಿನ ಮನೆಯ ಬಾಗಿಲು ಮುಚ್ಚದಾಯಿತು. ಭೂಕಂಪಕ್ಕೆ ಬಗ್ಗಿ ಎದ್ದ ಮನೆ ಅಂಗಳದ ನೀರಿಗೆ ಮಂಡಿಯೂರಿತು. ಇಂಜಿನಿಯರು ಬಂದು ಗೋಡೆಗೆ ಚೀಟಿ ಅಂಟಿಸಿ ಹೋದ. ದೀಪಾವಳಿಯೊಳಗೆ ಖಾಲಿ ಮಾಡಬೇಕು.

ಹಾಲಪ್ಪ ಮೆಟ್ಟಿಲು ಹತ್ತಿ ಹೋಗಿ ಚಂಪಾಬೆನ್ನರ ಮುಂದೆ ನಿಂತ. ಅವರು ಖಾಖ್ರಾದ ಕಾವಲಿಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು.

“ಬೆನ್, ಮನೆ ಹೋದದ್ದು ನನ್ನಿಂದ. ನೀವು ಹೇಳಿದ್ದಿರಿ, ನಾನು ಕೇಳಲಿಲ್ಲ.”

ಅವರು ತಲೆಯೆತ್ತಲಿಲ್ಲ. “ಭೂಕಂಪ ಆಯಿತಲ್ಲ ಹಾಲಪ್ಪಭಾಯ್. ಭೂಕಂಪದ ಮುಂದೆ ನೀವು ಯಾರು, ನಾನು ಯಾರು?” ಎಂದರು.

ಬೈದಿದ್ದರೆ ಅವನು ಅಲ್ಲಿಯೇ ಅತ್ತು ಹಗುರಾಗುತ್ತಿದ್ದ. ಅವರು ಬೈಯಲಿಲ್ಲ. ಪೋಳಿನಲ್ಲಿ ಯಾರು ಕೇಳಿದರೂ, ನೋಡಲು ಬಂದ ಸಂಘ ಸಂಸ್ಥೆಯವರು ಕೇಳಿದರೂ ಅವರು ಅದನ್ನೇ ಹೇಳಿದರು: ಭೂಕಂಪ ಬುನಾದಿಯನ್ನೇ ಅಲ್ಲಾಡಿಸಿತ್ತು, ಪಾಪ, ಹಾಲಪ್ಪಭಾಯ್ ತಮ್ಮ ಕೈಲಾದದ್ದೆಲ್ಲ ಮಾಡಿದರು. ತನ್ನ ಮಾನ ಉಳಿಸಲೆಂದೇ ಆಕೆ ಹಾಗೆ ಹೇಳುತ್ತಿದ್ದಾರೆ ಎಂದು ಹಾಲಪ್ಪನಿಗೆ ತಿಳಿಯಿತು. ಸುಮ್ಮನಿದ್ದ. ಆ ಮಾತು ಅವನಿಗೆ ಬೇಕೂ ಆಗಿತ್ತು, ಅದೂ ನಿಜ. ಅಪೂರ್ವಾ ಮತ್ತೆರಡು ಸಲ ಫೋನು ಮಾಡಿದಳಂತೆ, ಆಗ ಆ ಫೋನೂ ಇರಲಿಲ್ಲ, ಮನೆಯೂ ಇರಲಿಲ್ಲ. ಅವಳಿಗೆ ಒಂದು ಕಾಗದ ಬರೆಯಬೇಕೆಂದು ಹಾಲಪ್ಪ ಅಂದುಕೊಂಡ. ಬರೆಯಲಿಲ್ಲ.

ಚಂಪಾಬೆನ್ ಸ್ಯಾಟಲೈಟ್‌ನ ಮೂರನೆಯ ಮಹಡಿಗೆ, ಮಹೇಶನ ಫ್ಲ್ಯಾಟಿಗೆ ಹೋದರು. ಮಹೇಶನ ಹೆಂಡತಿಗೆ ಹೊಗೆ ಆಗುತ್ತಿರಲಿಲ್ಲವಾದ್ದರಿಂದ ಅಲ್ಲಿ ಖಾಖ್ರಾ ಮಾಡುವಂತಿರಲಿಲ್ಲ. ಅವರು ಬಾಲ್ಕನಿಯಲ್ಲಿ ಕೂತು ದಿನ ಕಳೆದರು, ಎರಡನೆಯ ಚಳಿಗಾಲದಲ್ಲಿ ತೀರಿಕೊಂಡರು. ಹಾಲಪ್ಪ ಗೌರಮ್ಮ ಊರಾಚೆ ವಟ್ವಾದ ಕಡೆ ಒಂದು ಸಿಮೆಂಟು ಕೋಣೆ ಹಿಡಿದರು. ಬಣ್ಣದ ಕಾರ್ಖಾನೆಗಳ ಪಕ್ಕ ಬೋರಿನ ನೀರು ಬಕೆಟ್ಟಿನಲ್ಲಿ ಒಂದೊಂದು ದಿನ ಹಳದಿಯಾಗಿರುತ್ತಿತ್ತು. ಹಾಲಪ್ಪ ಇಂಜಿನಿಯರುಗಳನ್ನು ದೂರುವುದನ್ನು ಬಿಟ್ಟುಬಿಟ್ಟ. ಆ ಮಾತಿಲ್ಲದ ಮನೆಯಲ್ಲಿ ರೊಟ್ಟಿ ಬಡಿಯುವುದು ಗೌರಮ್ಮನಿಗೆ ಕಷ್ಟವಾಯಿತು. ಏನಾರ ಮಾತಾಡ್ರಿ ಎಂದು ಅವಳು ಹೇಳುತ್ತಿದ್ದಳು.

ಎರಡು ಸಾವಿರದ ಮೂರರ ಏಪ್ರಿಲ್‌ನಲ್ಲಿ ವಿಳಾಸ ಹುಡುಕಿಕೊಂಡು ಅಪೂರ್ವಾ ಬಂದಳು. ಕೈಯಲ್ಲಿ ದಪ್ಪ ಕಾಗದದ ಒಂದು ಪುಸ್ತಕ. ಹಳೇ ಮನೆಗಳನ್ನು ಉಳಿಸುವ ಒಂದು ಟ್ರಸ್ಟು ಅವಳ ಪ್ರಬಂಧವನ್ನು ಕೈಪಿಡಿಯಾಗಿ ಅಚ್ಚು ಹಾಕಿಸಿತ್ತು, ಇಂಗ್ಲಿಷಿನಲ್ಲಿ ಮತ್ತು ಗುಜರಾತಿಯಲ್ಲಿ. ಒಂದು ಪುಟದ ತುಂಬ ಕರಣೆ ಹಿಡಿದ ಹಾಲಪ್ಪ. ಗೌರಮ್ಮ ಫೋಟೋವನ್ನು ಸೆರಗಿನಿಂದ ಒರೆಸಿ ನೋಡಿದಳು.

“ಇಲ್ಲಿ ಏನ ಬರದೈತಿ, ಓದು” ಎಂದ ಹಾಲಪ್ಪ.

ಅಪೂರ್ವಾ ಕನ್ನಡ ಮಾಡಿ ಓದಿದಳು. “ದುರಸ್ತಿಗೆ ಮೊದಲು ಟಾಂಕಾವನ್ನು ಒಂದು ಹನಿಯೂ ಉಳಿಯದಂತೆ ಬರಿದು ಮಾಡಬೇಕು. ನಲವತ್ತು ದಿನ ಗಾಳಿ ಬಿಸಿಲಿಗೆ ಒಣಗಿಸಬೇಕು. ಇದು ಪರಂಪರೆಯ ವಿಧಾನ. ಹಿರಿಯ ಗೌಂಡಿ ಹಾಲಪ್ಪನವರು ತಿಳಿಸಿದ್ದು.”

ಹಾಲಪ್ಪ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು ಮುಚ್ಚಿದ. “ತಪ್ಪೈತಿ ತಂಗಿ. ಅದು ಪರಂಪರಿ ಅಲ್ಲ, ನನ್ನ ಸೊಕ್ಕು. ಚಂಪಾಬೆನ್ ಬ್ಯಾಡಂದಿದ್ಲು, ಎರಡ ಗೇಣ ನೀರ ಬಿಡು ಅಂದಿದ್ಲು. ನಾ ಕೇಳಲಿಲ್ಲ. ಟಾಂಕಾ ನಾನಾ ಕೊಂದೆ.”

ಹುಡುಗಿಯ ಮುಖ ಬಿಳಿಚಿತು. “ಭೂಕಂಪದಿಂದ ಹೋಯ್ತು ಅಂದ್ರಲ್ಲ ಎಲ್ಲರೂ? ಕಾಕಾ, ನೀವೇ ಫೋನಲ್ಲಿ ತುಂಬಿದೆ ಅಂದಿದ್ರಿ.”

“ಅಂದಿದ್ದೆ.”

ಪುಸ್ತಕ ಹಂಚಿಯಾಗಿತ್ತು. ಟ್ರಸ್ಟಿನವರಿಗೆ ಬರೆಯುತ್ತೇನೆ, ತಿದ್ದುವುದಿದ್ದರೂ ಮುಂದಿನ ಅಚ್ಚಿನಲ್ಲೇ ಆಗಬೇಕು ಎಂದಳು. ಆಮೇಲೆ ತಲೆ ತಗ್ಗಿಸಿ ಇನ್ನೊಂದು ಹೇಳಿದಳು. ವಡೋದರೆಯ ಹಳೇ ಊರಿನಲ್ಲಿ ಸುಶೀಲಾಬೆನ್ ಎಂಬ ನಿವೃತ್ತ ಟೀಚರು ಪುಸ್ತಕ ಓದಿ ತಮ್ಮ ಮನೆಯ ಟಾಂಕಾ ಬರಿದು ಮಾಡಿಸಿ ಒಣಗಿಸಲು ಬಿಟ್ಟಿದ್ದಾರೆ. ಇಪ್ಪತ್ತು ದಿನವಾಯಿತು.

ಮರುದಿನ ಬೆಳಿಗ್ಗೆ ಹಾಲಪ್ಪ ವಟ್ವಾ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತಿದ. ಅಪೂರ್ವಾ ದೆಹಲಿಯ ರೈಲು ಹಿಡಿಯಬೇಕಿತ್ತು, ವಿಳಾಸ ಬರೆದುಕೊಟ್ಟಿದ್ದಳು. ಇಪ್ಪತ್ತೊಂದು ದಿನ ಎಂದರೆ ಬೂದಿ ಬಣ್ಣ ಹೋಗಿ ಈಗ ಬೆಳ್ಳಗಾಗುತ್ತಿರುತ್ತದೆ. ಇಂದೇ ನೀರು ಬಿಟ್ಟು ಗೋಣಿ ಹಾಕಿದರೆ ಅರ್ಧವಾದರೂ ಇಟ್ಟಿಗೆ ಹಿಡಿದು ನಿಲ್ಲುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಎರಡು ವರ್ಷದಲ್ಲಿ ಅವನ ಮನಸ್ಸಿಗೆ ಆಸೆ ಎಂಬುದು ಬಂದದ್ದು ಅದೊಂದೇ ಸಲ.

ಸುಶೀಲಾಬೆನ್ ಬಾಗಿಲು ತೆರೆದು, ಫೋಟೋದ ಮುಖ ಗುರುತು ಹಿಡಿದು, ಕಾಲಿಗೆರಗಿದರು. ಬೇಡ ಬೇಡ ಎಂದು ಹಾಲಪ್ಪ ನೇರ ಅಂಗಳಕ್ಕೆ ನಡೆದು ಟಾಂಕಾದ ಬಾಯಿಯ ಬಳಿ ಬೋರಲು ಬಿದ್ದು ಕಿವಿಯೊಡ್ಡಿದ. ಟಿಕ್ ಎಂದಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಟಿಕ್ ಎಂದಿತು.

“ಇವತ್ತೇ ನೀರು ಬಿಡಿ ಬೆನ್. ಈಗಲೇ. ಒಣಗಿದರೆ ಸಾಯುತ್ತದೆ.”

“ಪುಸ್ತಕದಲ್ಲಿ ನಲವತ್ತು ದಿನ ಎಂದಿದೆಯಲ್ಲ ಉಸ್ತಾದಜಿ?”

“ಹೇಳಿದವನು ನಾನೇ. ತಪ್ಪು ಹೇಳಿದೆ. ನಮ್ಮ ಟಾಂಕಾ ಹಾಳಾದದ್ದು ಇದರಿಂದಲೇ, ಭೂಕಂಪದಿಂದ ಅಲ್ಲ.”

ಸುಶೀಲಾಬೆನ್ ಒಳ್ಳೆಯ ಹೆಂಗಸು. ಅವನನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಒಳಗೆ ಹೋಗಿ ಟ್ರಸ್ಟಿನವರಿಗೆ ಫೋನು ಮಾಡಿದರು. ಹಿಂತಿರುಗಿ ಬಂದಾಗ ಅವರ ದನಿ ಮೆತ್ತಗಾಗಿತ್ತು, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ. ಅವರು ಹೇಳಿದರು, ಟ್ರಸ್ಟಿನವರೇ ಆ ಮನೆಗೆ ಹೋಗಿದ್ದರಂತೆ. ಚಂಪಾಬೆನ್ ತಮ್ಮ ಬಾಯಿಂದಲೇ ಹೇಳಿದ್ದರಂತೆ, ಭೂಕಂಪ ಬುನಾದಿಯನ್ನೇ ಅಲ್ಲಾಡಿಸಿತ್ತು ಎಂದು. “ನೀವು ಸುಮ್ಮನೆ ನಿಮ್ಮ ಮೇಲೆ ಹಾಕಿಕೊಂಡು ಕೊರಗುತ್ತಿದ್ದೀರಿ. ದೊಡ್ಡ ಕಸುಬುದಾರರು ಹೀಗೆಯೇ.”

“ಆಕೆ ನನ್ನ ಮಾನ ಉಳಿಸಲು ಹಾಗೆ ಹೇಳಿದಳು” ಎಂದ ಹಾಲಪ್ಪ. “ನಿಮ್ಮ ಮನೆಯಲ್ಲಿ ಹಿರಿಯ ಹೆಂಗಸರು ಯಾರಾದರೂ ಇದ್ದಾರೆಯೇ? ಅವರನ್ನು ಕೇಳಿ. ನೀರು ಬಿಡಬೇಕೋ ಬೇಡವೋ ಕೇಳಿ.”

“ಅತ್ತೆ ಹೋಗಿ ಹನ್ನೆರಡು ವರ್ಷವಾಯಿತು. ಅವರೂ ಏನೋ ಹೇಳುತ್ತಿದ್ದರು, ತಳದಲ್ಲಿ ಇಷ್ಟು ನೀರಿರಬೇಕು ಅಂತ. ಹಳೇ ಕಾಲದವರು, ಅವರದೆಲ್ಲ ನಂಬಿಕೆ. ನೀವು ಶಾಸ್ತ್ರವಾಗಿ ಬರೆಸಿದ್ದೀರಲ್ಲ, ಅದು ನಮಗೆ ಸಾಕು.”

ಹಾಲಪ್ಪ ಎದ್ದು, ಕಟ್ಟೆಯ ಮೇಲಿದ್ದ ತುಂಬಿದ ಬಕೆಟ್ಟನ್ನು ಎತ್ತಿಕೊಂಡು ಟಾಂಕಾದ ಕಡೆ ನಡೆದ. ಸುಶೀಲಾಬೆನ್ನರ ಗಂಡ ಅವನ ಕೈಯಿಂದ ಬಕೆಟ್ಟನ್ನು ಮೆಲ್ಲಗೆ ಬಿಡಿಸಿಕೊಂಡು ಕೆಳಗಿಟ್ಟರು. ಇಪ್ಪತ್ತೊಂದು ದಿನ ಕಾದಿದ್ದೇವೆ, ಇನ್ನು ಹತ್ತೊಂಬತ್ತು ದಿನ ತಾನೇ ಎಂದು ಸಮಾಧಾನ ಹೇಳಿದರು.

ಹೊರಡುವಾಗ ಸುಶೀಲಾಬೆನ್ ಪುಸ್ತಕವನ್ನೂ ಪೆನ್ನನ್ನೂ ಹಿಡಿದುಕೊಂಡು ಬಂದರು. ನಿಮ್ಮ ಕೈಬರಹ ನಮ್ಮ ಮನೆಯಲ್ಲಿರಲಿ ಎಂದು ಅವನ ಫೋಟೋದ ಪುಟ ತೆರೆದರು. ಹಾಲಪ್ಪನಿಗೆ ಬರೆಯಲು ಬರುತ್ತಿದ್ದದ್ದು ಕನ್ನಡ ಮಾತ್ರ. ಮೊಳಕಾಲ ಮೇಲೆ ಪುಸ್ತಕ ಇಟ್ಟುಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದ: ‘ಇದು ತಪ್ಪು. ಹೀಂಗ ಮಾಡಬ್ಯಾಡ್ರಿ. ಟಾಂಕಾ ಸಾಯತೈತಿ. ಹಾಲಪ್ಪ.’ ಸುಶೀಲಾಬೆನ್ ಆ ದುಂಡನೆಯ ಅಕ್ಷರಗಳನ್ನು ನೋಡಿ, ಎಷ್ಟು ಚೆಂದ ಎಂದು ಗಂಡನಿಗೂ ತೋರಿಸಿದರು. ಪುಟವನ್ನು ಕಣ್ಣಿಗೊತ್ತಿಕೊಂಡು, ಪುಸ್ತಕವನ್ನು ಒಯ್ದು ದೇವರ ಗೂಡಿನಲ್ಲಿಟ್ಟರು.